ಮೈಲುತುತ್ತದಿಂದ ಕರಿಮೆಣಸಿನವರೆಗೆ: ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಮಾಡಿ ತೋರಿಸುವ ಬಗೆ

ಕಾಗದ ಹರಿದರೆ ಭೌತ ಬದಲಾವಣೆ, ಸುಟ್ಟರೆ ರಾಸಾಯನಿಕ ಬದಲಾವಣೆ. ಏಳನೇ ತರಗತಿಯ ಮಕ್ಕಳು ಇಷ್ಟನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದರ ಜೊತೆಗೇ ಇನ್ನೊಂದು ಸೂತ್ರವೂ ತಲೆಯಲ್ಲಿ ಕೂತಿರುತ್ತದೆ: ಹಿಂದಕ್ಕೆ ತರಲು ಆಗುವುದು ಭೌತ, ಆಗದ್ದು ರಾಸಾಯನಿಕ. ಈ ಸೂತ್ರ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಕಾಫಿ ಬೀಜ ಪುಡಿ ಮಾಡಿದ ಮೇಲೆ ಮತ್ತೆ ಬೀಜವಾಗದು, ಆದರೂ ಅದು ಭೌತ ಬದಲಾವಣೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು, ಕಾಯಿಸಿದರೆ ಬೆಳ್ಳಗಾಗುತ್ತದೆ, ನೀರು ಬಿಟ್ಟರೆ ಮತ್ತೆ ನೀಲಿಯಾಗುತ್ತದೆ, ಆದರೂ ಅದು ರಾಸಾಯನಿಕ ಬದಲಾವಣೆ. ಹಾಗಾಗಿ ಮಕ್ಕಳಿಗೆ ಕಲಿಸಬೇಕಾದ ಪ್ರಶ್ನೆಯೇ ಬೇರೆ. ಮೊದಲಿದ್ದ ವಸ್ತು ಈಗಲೂ ಅದೇ ವಸ್ತುವೇ, ಇಲ್ಲ ಬೇರೆ ಗುಣಗಳ ಹೊಸ ವಸ್ತು ಹುಟ್ಟಿದೆಯೇ? ಇದಕ್ಕೆ ಉತ್ತರ ಕಣ್ಣಂದಾಜಿನಲ್ಲಿ ಸಿಗುವುದಿಲ್ಲ. ತೂಗಬೇಕು, ಅಳೆಯಬೇಕು, ಹೊರಬಂದ ಅನಿಲ ಯಾವುದೆಂದು ಪರೀಕ್ಷಿಸಬೇಕು.

ಕೊಡಗಿನಲ್ಲಿ ಇದಕ್ಕೆ ಪ್ರಯೋಗಾಲಯದ ಸಾಮಾನಿಗಾಗಿ ಕಾಯಬೇಕಾಗಿಲ್ಲ. ತೋಟದ ಗೋದಾಮಿನಲ್ಲಿ ಮೈಲುತುತ್ತ, ಸ್ಪ್ರೇ ಲೈಮ್ (ಸಿಂಪಡಣೆಗೆ ಬಳಸುವ ಅರಳಿದ ಸುಣ್ಣದ ಪುಡಿ) ಇರುತ್ತದೆ. ಅಡುಗೆಮನೆಯಲ್ಲಿ ಹಣ್ಣಿನ ರಸ ಬತ್ತಿಸಿ ಮಾಡಿದ ಹುಳಿ, ಕಾಚಂಪುಳಿ ಇರುತ್ತದೆ. ಕಣದಲ್ಲಿ ಕಾಫಿ, ಮೆಣಸು ಒಣಗುತ್ತಿರುತ್ತವೆ. ಹೊರಗಿನಿಂದ ಮುಖ್ಯವಾಗಿ ತರಬೇಕಾದದ್ದು ನಾಲ್ಕು ವಸ್ತು: 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, 110 ಡಿಗ್ರಿ ಸೆಲ್ಸಿಯಸ್‌ವರೆಗಿನ ಥರ್ಮಾಮೀಟರ್, ಗಟ್ಟಿ ಗಾಜಿನ ನಾಲ್ಕಾರು ಪ್ರನಾಳ, ಒಂದು ಸ್ಪಿರಿಟ್ ದೀಪ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲವಾದ್ದರಿಂದ ಇಲ್ಲಿನ ಅರ್ಧಕ್ಕರ್ಧ ಪ್ರಯೋಗಗಳಿಗೆ ಅದು ಬಾರದು.

ಒಂದು ಎಚ್ಚರಿಕೆ ಈಗಲೇ ಹೇಳಬೇಕು. ಮೈಲುತುತ್ತ ವಿಷ. ಅದಕ್ಕೆ ಬಳಸಿದ ಪಾತ್ರೆ, ಚಮಚ, ಪ್ರನಾಳ ಮತ್ತೆಂದೂ ಅಡುಗೆಮನೆಗೆ ಹೋಗಬಾರದು. ಅವುಗಳ ಮೇಲೆ ಬಣ್ಣದಲ್ಲಿ ಗುರುತು ಹಾಕಿಡಿ. ಸುಣ್ಣ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಸಿ.

ಮೈಲುತುತ್ತ: ನೀಲಿ, ಬಿಳಿ, ಮತ್ತೆ ನೀಲಿ

ಮೊದಲು ಇದನ್ನೇ ಮಾಡಿ. 'ಹಿಂದಕ್ಕೆ ತರಬಹುದು, ಹಾಗಾಗಿ ಭೌತ' ಎಂಬ ತಪ್ಪು ಸೂತ್ರ ಇಲ್ಲೇ ಮುರಿದು ಬೀಳುತ್ತದೆ.

ಒಣ ಪ್ರನಾಳವನ್ನು ತೂಗಿ ಬರೆದಿಡಿ. ಪುಡಿ ಮಾಡಿದ ಮೈಲುತುತ್ತ 5.0 ಗ್ರಾಂ ಹಾಕಿ. ಪ್ರನಾಳವನ್ನು ಇಕ್ಕಳದಲ್ಲಿ ಹಿಡಿದು, ಬಾಯಿ ತುಸು ಕೆಳಕ್ಕೆ ಬಾಗಿರುವಂತೆ ಅಡ್ಡಲಾಗಿ ಇಟ್ಟು ಕಾಯಿಸಿ. ಬಾಯಿ ಮೇಲಕ್ಕಿದ್ದರೆ ಹೊರಟ ಆವಿ ಮೇಲ್ಭಾಗದಲ್ಲಿ ನೀರಾಗಿ, ಕಾದ ತಳಕ್ಕೆ ಜಾರಿ ಗಾಜು ಸೀಳುತ್ತದೆ. ಈ ಪ್ರಯೋಗದಲ್ಲಿ ಪ್ರನಾಳ ಒಡೆಯುವುದಕ್ಕೆ ಬಹುಪಾಲು ಇದೊಂದೇ ಕಾರಣ. ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಉದ್ದಕ್ಕೂ ಆಡಿಸುತ್ತಿರಿ.

ಅಂಚಿನಿಂದ ನೀಲಿ ಮಾಸುತ್ತ ಬರುತ್ತದೆ, ಗಾಜಿನ ಬಾಯಿಯಲ್ಲಿ ನೀರಿನ ಹನಿ ಕೂಡುತ್ತವೆ. ಪೂರ್ತಿ ಬೆಳ್ಳಗಾದ ಮೇಲೆ ಬಾಯಿಯ ಹನಿಗಳನ್ನು ಹತ್ತಿಯಿಂದ ಒರೆಸಿ, ಆರಿಸಿ, ತೂಗಿ. ಹರಳಿನಲ್ಲಿ ಪ್ರತಿ ತಾಮ್ರದ ಸಲ್ಫೇಟಿನ ಜೊತೆ ಐದು ನೀರಿನ ಅಣುಗಳಿರುತ್ತವೆ. ಐದೂ ಹೋಗಿದ್ದರೆ ಉಳಿಯುವುದು 3.2 ಗ್ರಾಂ. ಹರಳಿನ ತೂಕದಲ್ಲಿ 36% ನೀರೇ ಎಂದಾಯಿತು. ತಕ್ಕಡಿ 3.5 ಅಥವಾ 3.6 ತೋರಿಸಿದರೆ ಪ್ರಯೋಗ ಕೆಟ್ಟಿತೆಂದು ಬಿಟ್ಟುಬಿಡಬೇಡಿ. ನಾಲ್ಕು ಅಣು ಹೊರಟು ಒಂದು ಉಳಿದುಕೊಂಡಿದೆ ಎಂದೇ ಅರ್ಥ. ಆ ಕೊನೆಯದನ್ನು ಬಿಡಿಸಲು 200 ಡಿಗ್ರಿ ದಾಟಬೇಕು, ಇನ್ನೊಂದಷ್ಟು ಹೊತ್ತು ಕಾಯಿಸಿ. ಒಣಗಿದ ಪುಡಿ ಕಪ್ಪಾಗತೊಡಗಿದರೆ ಮಾತ್ರ ಉರಿ ಅತಿಯಾಗಿದೆ. ಆಗ ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗುತ್ತದೆ, ಹೊರಡುವ ಹೊಗೆ ಗಂಟಲು ಕೊರೆಯುತ್ತದೆ. ಅದನ್ನು ಬಿಸಾಡಿ ಹೊಸದಾಗಿ ಶುರು ಮಾಡಿ.

ಪೂರ್ತಿ ಆರಿದ ಬಿಳಿ ಪುಡಿಯ ಮೇಲೆ ಡ್ರಾಪರ್‌ನಿಂದ ಎರಡು ಹನಿ ನೀರು ಬಿಡಿ. ಬಿದ್ದಲ್ಲೇ ನೀಲಿ ಚಿಮ್ಮುತ್ತದೆ. ಪ್ರನಾಳದ ತಳ ಮುಟ್ಟಿ ನೋಡಲು ಹೇಳಿ, ಬಿಸಿಯಾಗಿರುತ್ತದೆ. ಉಪ್ಪಿನ ಪುಡಿಗೆ ಎರಡು ಹನಿ ನೀರು ಬಿಟ್ಟರೆ ಬಣ್ಣವೂ ಬದಲಾಗದು, ಕೈಗೆ ಬಿಸಿಯೂ ತಟ್ಟದು. ಇಲ್ಲಿ ನೀರು ಹರಳಿನೊಳಗೆ ಬಂಧವಾಗಿ ಕೂತು ಬೇರೆಯೇ ವಸ್ತು ಕಟ್ಟುತ್ತಿದೆ, ಆ ಬಂಧ ಕಟ್ಟುವಾಗ ಶಾಖ ಬಿಡುಗಡೆಯಾಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ಮಾಡುವುದಾದರೆ ಇನ್ನೊಂದು ಸೊಗಸು ಕಾಣಬಹುದು. ಬಿಳಿ ಪುಡಿಯನ್ನು ಗಾಜಿನ ತಟ್ಟೆಯಲ್ಲಿ ಹರಡಿ ತಕ್ಕಡಿಯ ಮೇಲೆ ತೆರೆದಿಡಿ. ಹನಿ ನೀರೂ ಹಾಕದೆ, ಮಳೆಗಾಲದ ಗಾಳಿಯ ತೇವವನ್ನೇ ಹೀರಿ ಅದು ನಿಧಾನವಾಗಿ ನೀಲಿಗೆ ತಿರುಗುತ್ತದೆ, ತೂಕವೂ ಏರುತ್ತದೆ.

ಬೋರ್ಡೋ ದ್ರಾವಣ ಮತ್ತು ಕತ್ತಿಯ ಪರೀಕ್ಷೆ

ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ 1% ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಶಿಲೀಂಧ್ರನಾಶಕ), ಕಾಫಿ ಎಲೆಯ ತುಕ್ಕು ರೋಗಕ್ಕೆ 0.5% ಬೋರ್ಡೋ ಹೊಡೆಯುವುದನ್ನು ಕೊಡಗಿನ ಮಕ್ಕಳು ನೋಡಿಯೇ ಇರುತ್ತಾರೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಇದರ ಗುಣ ಕಂಡುಕೊಂಡು 1885ರಲ್ಲಿ ಪ್ರಕಟಿಸಿದವರು ಸಸ್ಯವಿಜ್ಞಾನಿ ಮಿಲಾರ್ಡೆ. 1% ದ್ರಾವಣಕ್ಕೆ ತೋಟದ ಅಳತೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತರಗತಿಗೆ ಅದನ್ನು ಸಾವಿರದಲ್ಲಿ ಒಂದರಷ್ಟಕ್ಕೆ ಇಳಿಸಿದರೆ 1 ಗ್ರಾಂ, 1 ಗ್ರಾಂ, 100 ಮಿ.ಲೀ. ಆಗುತ್ತದೆ, ಅದು ತೀರಾ ಸಣ್ಣದು. 10 ಗ್ರಾಂ, 10 ಗ್ರಾಂ, 1 ಲೀಟರ್ ಇಟ್ಟುಕೊಳ್ಳಿ.

ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ ಹಾಕಿ ಕರಗಿಸಿ. ಗಟ್ಟಿ ಹೆಂಟೆಯಾಗಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಮಟ್ಟಕ್ಕೆ ಇಳಿಬಿಡಿ, ತಳಕ್ಕೆ ಹಾಕಿ ಕದಡುವುದಕ್ಕಿಂತ ಬೇಗ ಕರಗುತ್ತದೆ. ಕರಗಿದ ದಟ್ಟ ನೀರು ಭಾರವಾಗಿ ಕೆಳಕ್ಕಿಳಿಯುತ್ತದೆ, ಹರಳಿಗೆ ಸದಾ ಹೊಸ ನೀರು ತಾಗುತ್ತಿರುತ್ತದೆ. ಇನ್ನೊಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧ ಲೀಟರ್ ನೀರಿಗೆ 10 ಗ್ರಾಂ ಸ್ಪ್ರೇ ಲೈಮ್ ಕಲಸಿ, ಬಟ್ಟೆಯಲ್ಲಿ ಸೋಸಿ. ಸುಟ್ಟ ಸುಣ್ಣದ ಕಲ್ಲು ಬೇಡ. ನೀರು ತಾಗಿದರೆ ಕೊತಕೊತ ಕುದಿದು ಸಿಡಿಯುತ್ತದೆ, ಮಕ್ಕಳ ಮುಂದೆ ಅಪಾಯ.

ಈಗ ಸುಣ್ಣದ ನೀರನ್ನು ಕೋಲಿನಿಂದ ತಿರುಗಿಸುತ್ತ ಅದಕ್ಕೆ ಮೈಲುತುತ್ತದ ನೀರು ಸುರಿಯಿರಿ. ಎರಡನ್ನೂ ಒಟ್ಟಿಗೆ ಮೂರನೇ ಪಾತ್ರೆಗೆ ಸುರಿದರೂ ಸರಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಮಾತ್ರ ಕಣ ದಪ್ಪವಾಗಿ ಬೇಗ ತಳ ಕಟ್ಟುತ್ತದೆ. ತಿಳಿಯಾದ ಗಾಢ ನೀಲಿ ದ್ರಾವಣ ಕ್ಷಣದಲ್ಲಿ ಆಕಾಶನೀಲಿಯ ಗಸಿಯಾಗುತ್ತದೆ. ತಾಮ್ರದ ಹೈಡ್ರಾಕ್ಸೈಡ್ ಬಗೆಯ, ನೀರಿನಲ್ಲಿ ಕರಗದ ಹೊಸ ವಸ್ತು ಅದು. ಮೈಲುತುತ್ತ ಕರಗಿದ್ದು ಭೌತ ಬದಲಾವಣೆ, ನೀರು ಆರಿಸಿದರೆ ಅದೇ ಹರಳು ಮತ್ತೆ ಸಿಗುತ್ತದೆ. ಗಸಿಯಾದದ್ದು ರಾಸಾಯನಿಕ, ಎಷ್ಟು ಆರಿಸಿದರೂ ಮೈಲುತುತ್ತದ ಹರಳು ಬಾರದು.

ತೋಟದವರು ಕತ್ತಿ ಅದ್ದಿ ನೋಡುವ ಪರೀಕ್ಷೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮಗ್ಗಿನಲ್ಲಿ ತುಸು ಮೈಲುತುತ್ತದ ನೀರು ಉಳಿಸಿಕೊಂಡಿರಿ. ಕಬ್ಬಿಣದ ಕತ್ತಿಯ ತುದಿಯನ್ನೋ ದೊಡ್ಡ ಮೊಳೆಯನ್ನೋ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಎಣ್ಣೆ ಜಿಡ್ಡು ಒರೆಸಿ, ಆ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅದ್ದಿದ ಗೆರೆಯವರೆಗೆ ಹೊಸ ತಾಮ್ರದ ಬಿಂದಿಗೆಯ ಕೆಂಪು ಹತ್ತಿರುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಬರುತ್ತದೆ. ಕಬ್ಬಿಣ ನೀರಿಗೆ ಇಳಿದು, ನೀರಿನಲ್ಲಿದ್ದ ತಾಮ್ರ ಅದರ ಜಾಗದಲ್ಲಿ ಕೂತಿದೆ. ಈಗ ಇನ್ನೊಂದು ಉಜ್ಜಿದ ಮೊಳೆಯನ್ನು ಬೋರ್ಡೋ ಗಸಿಯಲ್ಲಿ ಅದ್ದಿ. ಸುಣ್ಣ ಸಾಕಷ್ಟಿದ್ದರೆ ಏನೂ ಹತ್ತುವುದಿಲ್ಲ. ಕೆಂಪು ಕಂಡರೆ ಬಿಡಿ ತಾಮ್ರ ಉಳಿದಿದೆ ಎಂದು ಅರ್ಥ, ಎಲೆ ಸುಡುತ್ತದೆ. ಚಮಚ ಚಮಚವಾಗಿ ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸಿ. ಸ್ಟೇನ್‌ಲೆಸ್ ಸ್ಟೀಲ್ ಚಾಕು ಇದಕ್ಕೆ ಬಾರದು. ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ಪದರ ತಾಮ್ರವನ್ನು ಹತ್ತಗೊಡುವುದಿಲ್ಲ, ದ್ರಾವಣ ಕೆಟ್ಟಿದ್ದರೂ ಸರಿಯಿದೆಯೆಂದು ತೋರಿಸುತ್ತದೆ. ಬಕೆಟ್ ಕಬ್ಬಿಣದ್ದಾಗಿರಬಾರದು ಎನ್ನುವುದಕ್ಕೆ ಕಾರಣವೂ ಈ ಮೊಳೆಯಲ್ಲೇ ಇದೆ.

ಮಡಿಕೇರಿಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ

ಕುದಿಬಿಂದು ವಸ್ತುವಿನ ಭೌತ ಗುಣ. ಪಠ್ಯದಲ್ಲಿ ನೀರಿಗೆ 100 ಡಿಗ್ರಿ ಎಂದಿದೆ. ಮಡಿಕೇರಿಯ ಮಕ್ಕಳು ಅಳೆದಾಗ 96 ಬರುತ್ತದೆ, ಥರ್ಮಾಮೀಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಥರ್ಮಾಮೀಟರ್ ಸರಿಯಾಗೇ ಇದೆ. ಸಮುದ್ರಮಟ್ಟದಿಂದ 300 ಮೀಟರ್ ಏರಿದಂತೆಲ್ಲ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಯಲ್ಲಿ 96ರ ಆಸುಪಾಸು, 830 ಮೀಟರಿನ ಕುಶಾಲನಗರದಲ್ಲಿ 97ಕ್ಕಿಂತ ತುಸು ಮೇಲೆ, 1,748 ಮೀಟರಿನ ತಡಿಯಂಡಮೋಳ್ ನೆತ್ತಿಯಲ್ಲಿ 94 ಚಿಲ್ಲರೆ. ಮೇಲಿನ ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಆವಿಯಾಗಿ ಹೊರಬೀಳುವುದು ಸುಲಭ.

ಅಳೆಯುವ ಮೊದಲು ಥರ್ಮಾಮೀಟರ್ ಪರೀಕ್ಷಿಸಿ. ಲೋಟದ ತುಂಬ ಪುಡಿ ಐಸ್, ಅದು ಮುಳುಗುವಷ್ಟು ಮಾತ್ರ ನೀರು, ಐದು ನಿಮಿಷ. ಸೊನ್ನೆಯ ಬದಲು 1 ತೋರಿಸಿದರೆ ಮುಂದಿನ ಅಳತೆಯಿಂದ 1 ಕಳೆಯಿರಿ. ಕುದಿಯುವ ನೀರಿನಲ್ಲಿ ಥರ್ಮಾಮೀಟರಿನ ಬುರುಡೆ ಪಾತ್ರೆಯ ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು, ತಾಗಿದರೆ ಒಂದೆರಡು ಡಿಗ್ರಿ ಹೆಚ್ಚು ತೋರಿಸುತ್ತದೆ. ತಳದಲ್ಲಿ ಮೊದಲು ಏಳುವ ಸಣ್ಣ ಗುಳ್ಳೆ ಕರಗಿದ ಗಾಳಿಯದು, ಅದನ್ನು ಕುದಿ ಎಂದು ಎಣಿಸಬೇಡಿ. ಇಡೀ ಮೇಲ್ಮೈ ಮಗುಚಿ ಕುದಿಯುವಾಗ ಮೂರು ನಿಮಿಷ ಒಂದೇ ಅಂಕಿ ನಿಂತರೆ ಅದೇ ಕುದಿಬಿಂದು. ಉರಿ ದೊಡ್ಡದು ಮಾಡಿ, ನೀರು ಬೇಗ ಆರುತ್ತದೆಯೇ ಹೊರತು ಅಂಕಿ ಏರುವುದಿಲ್ಲ. ಒಂದು ಲೀಟರಿಗೆ 60 ಗ್ರಾಂ ಉಪ್ಪು ಹಾಕಿದರೆ ಸುಮಾರು 1 ಡಿಗ್ರಿ ಏರುತ್ತದೆ.

ಬೇಳೆ, ಮಾಂಸ ಬೇಯುವುದು ರಾಸಾಯನಿಕ ಬದಲಾವಣೆ, ಅದು ಬಿಸಿ ಇಳಿದಂತೆ ನಿಧಾನವಾಗುತ್ತದೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ಅಡುಗೆ ಮಂಗಳೂರಿಗಿಂತ ತಡವಾಗುವುದು ಅದಕ್ಕೇ.

ಕಾಚಂಪುಳಿ ವಿನೆಗರ್ ಅಲ್ಲ

ಇಂಗ್ಲಿಷಿನವರಿಗೆ ಪರಿಚಯಿಸುವಾಗ ಕಾಚಂಪುಳಿಯನ್ನು ಕೊಡಗಿನ ವಿನೆಗರ್ ಎನ್ನುವುದು ರೂಢಿ. ಪಂದಿ ಕರಿಯಲ್ಲಿ (ಹಂದಿ ಮಾಂಸದ ಅಡುಗೆ) ಅದು ಮಾಡುವ ಕೆಲಸಕ್ಕೆ ಆ ಹೆಸರು ಹೊಂದಬಹುದು, ವಸ್ತುವಿಗೆ ಹೊಂದುವುದಿಲ್ಲ. ವಿನೆಗರ್‌ನ ಹುಳಿ ಅಸಿಟಿಕ್ ಆಮ್ಲ, ಹುದುಗಿನಿಂದ ಹುಟ್ಟಿದ್ದು. ಕಾಚಂಪುಳಿಯ ಹುಳಿ ಪಣಪುಳಿ ಹಣ್ಣಿನಲ್ಲೇ ಇದ್ದದ್ದು. ಮಲೆನಾಡಿನವರು ಉಪ್ಪಾಗೆ ಎನ್ನುವ ಮರ ಅದೇ. ಆ ಹುಳಿ ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳದ್ದೆಂದು ಬಹುಕಾಲ ತಿಳಿದಿದ್ದರು. ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್.

ಮಳೆಗಾಲದಲ್ಲಿ ಹಣ್ಣಾಗಿ ಉದುರಿದ ಪಣಪುಳಿಯ ಬೀಜ ತೆಗೆದು, ಸಿಪ್ಪೆಯನ್ನು ಬುಟ್ಟಿಯಲ್ಲಿ ಪಾತ್ರೆಯ ಮೇಲಿಟ್ಟರೆ ದಿನಗಳುದ್ದಕ್ಕೂ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸಣ್ಣ ಉರಿಯಲ್ಲಿ ಕಪ್ಪಾಗಿ ಮಂದವಾಗುವವರೆಗೆ ಬತ್ತಿಸುತ್ತಾರೆ. ನೀರು ಹೋಗಿ ಮಂದವಾಗುವುದು ಭೌತ ಬದಲಾವಣೆ. ಕಪ್ಪಾಗುವುದು ರಾಸಾಯನಿಕ. ಜೊತೆಗೆ, ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆಯೂ ಅದೇ ಪಾತ್ರೆಯಲ್ಲಿ ನಡೆಯುತ್ತದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಒಂದಂಶ ಬಿಸಿಗೆ ತನ್ನೊಳಗೇ ಉಂಗುರದಂತೆ ಮಡಚಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಒಂದೇ ಉರಿ, ಒಂದೇ ಪಾತ್ರೆ, ಎರಡು ಬಗೆಯ ಬದಲಾವಣೆ.

ವ್ಯತ್ಯಾಸ ತೋರಿಸಲು ಎರಡು ಪಿಂಗಾಣಿ ಬಸಿ ಸಾಕು. ಒಂದಕ್ಕೆ ಬಣ್ಣ ಹಾಕದ ಬಿಳಿ ವಿನೆಗರ್ 20 ಮಿ.ಲೀ. ಇನ್ನೊಂದಕ್ಕೆ 5 ಮಿ.ಲೀ. ಕಾಚಂಪುಳಿ, 15 ಮಿ.ಲೀ. ನೀರು. ಎರಡನ್ನೂ ಕುದಿಯುವ ನೀರಿನ ಪಾತ್ರೆಗಳ ಬಾಯಿಯ ಮೇಲೆ ಕೂರಿಸಿ, ಹಬೆಯ ಬಿಸಿಯಲ್ಲೇ ಆರಲು ಬಿಡಿ. ನೇರ ಉರಿ ಬೇಡ, ಕಾಚಂಪುಳಿ ಸೀದುಹೋಗುತ್ತದೆ. ವಿನೆಗರ್‌ನ ಕಟು ವಾಸನೆ ಕೋಣೆಯೆಲ್ಲ ತುಂಬುತ್ತದೆ, ಕಿಟಕಿ ತೆರೆದಿಡಿ. ಕೊನೆಗೆ ಆ ಬಸಿಯಲ್ಲಿ ಬಹುತೇಕ ಏನೂ ಉಳಿಯುವುದಿಲ್ಲ. ಅಸಿಟಿಕ್ ಆಮ್ಲ 118 ಡಿಗ್ರಿಗೆ ಕುದಿಯುವ ವಸ್ತುವಾದರೂ ನೀರಿನ ಜೊತೆಯಲ್ಲೇ ಆವಿಯಾಗಿ ಹೊರಟುಬಿಡುತ್ತದೆ. ಇನ್ನೊಂದರಲ್ಲಿ ಬೆಲ್ಲದ ಪಾಕದಂಥ ಅಂಟು ಪದರ ಉಳಿದಿರುತ್ತದೆ. ಎರಡಕ್ಕೂ 20 ಮಿ.ಲೀ. ನೀರು ಹಾಕಿ ಕದಡಿ, ಲಿಟ್ಮಸ್ ಅದ್ದಿ. ಲಿಟ್ಮಸ್ ಇಲ್ಲದಿದ್ದರೆ ಕೆಂಪು ದಾಸವಾಳದ ಹತ್ತು ಎಸಳು 50 ಮಿ.ಲೀ. ಬಿಸಿನೀರಿನಲ್ಲಿ ನೆನೆಸಿದ ನೀರೇ ಸಾಕು. ಹುಳಿಗೆ ಕೆಂಪೇರುತ್ತದೆ, ಸುಣ್ಣಕ್ಕೆ ಹಸಿರಾಗುತ್ತದೆ. ಹುಳಿ ಉಳಿದಿರುವುದು ಕಾಚಂಪುಳಿಯಲ್ಲಿ ಮಾತ್ರ. ಬತ್ತಿಸಿದರೂ ಹುಳಿ ಹಾರಿಹೋಗದ ಈ ಗುಣವೇ ಕಾಚಂಪುಳಿ ಮಾಡಲು ಬರುವುದಕ್ಕೆ, ವರ್ಷಗಟ್ಟಲೆ ಇಡಲು ಬರುವುದಕ್ಕೆ ಆಧಾರ.

ಎರಡಕ್ಕೂ ಸಮಾನವಾದ ರಾಸಾಯನಿಕ ಗುಣವನ್ನೂ ತೋರಿಸಿ. ಹಿಂದಿನ ರಾತ್ರಿಯೇ ಅರ್ಧ ಲೀಟರ್ ನೀರಿಗೆ ಒಂದು ಚಮಚ ಎಲೆಯಡಿಕೆಯ ಸುಣ್ಣ ಕದಡಿ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ. ಬಾಟಲಿಯಲ್ಲಿ 10 ಮಿ.ಲೀ. ಕಾಚಂಪುಳಿ, 20 ಮಿ.ಲೀ. ನೀರು ಹಾಕಿ, 1 ಗ್ರಾಂ ಅಡುಗೆ ಸೋಡಾ ಸುರಿದು, ಕೂಡಲೇ ರಬ್ಬರ್ ಕೊಳವೆಯ ಬಿರಡೆ ಒತ್ತಿ. ಕೊಳವೆಯ ತುದಿ ತಿಳಿ ಸುಣ್ಣದ ನೀರಿನಲ್ಲಿ ಮುಳುಗಿರಲಿ. ನೀರು ಹಾಲಿನಂತಾದರೆ ಬಂದದ್ದು ಇಂಗಾಲದ ಡೈಆಕ್ಸೈಡ್. ಹೆಚ್ಚು ಹೊತ್ತು ಬಿಟ್ಟರೆ ಅದೇ ಹಾಲುನೀರು ಮತ್ತೆ ತಿಳಿಯಾಗುತ್ತದೆ, ಗಾಬರಿ ಬೇಡ. ಕರಗದ ಕ್ಯಾಲ್ಸಿಯಂ ಕಾರ್ಬೋನೇಟ್ ಹೆಚ್ಚುವರಿ ಅನಿಲದ ಜೊತೆ ಸೇರಿ ಕರಗುವ ಬೈಕಾರ್ಬೋನೇಟ್ ಆಗಿರುತ್ತದೆ. ಸುಣ್ಣದ ತಿಳಿಯನ್ನು ತೆರೆದಿಟ್ಟರೆ ಗಾಳಿಗೇ ಮೇಲೆ ಕೆನೆ ಕಟ್ಟಿ ಕೆಡುತ್ತದೆ, ಬಾಟಲಿ ತುಂಬಿಸಿ ಮುಚ್ಚಿಡಿ.

ಕೊಳವೆಯ ಬದಲು ಬಾಟಲಿಯ ಬಾಯಿಗೆ ಬಲೂನು ಕಟ್ಟಿ, ಸೋಡಾವನ್ನು ಬಲೂನಿನಿಂದಲೇ ಬೀಳಿಸಿದರೆ ತೂಕ ಬದಲಾಗದೆಂದು ತೋರಿಸಬಹುದು. ಆದರೆ ತಕ್ಕಡಿ 0.3 ಗ್ರಾಂನಷ್ಟು ಕಡಿಮೆ ತೋರಿಸಿದರೆ ಸೋರಿಕೆ ಎಂದು ತೀರ್ಮಾನಿಸಬೇಡಿ. ಊದಿದ ಬಲೂನನ್ನು ಸುತ್ತಲಿನ ಗಾಳಿಯೇ ಅಷ್ಟು ಮೇಲಕ್ಕೆ ಎತ್ತುತ್ತಿರುತ್ತದೆ.

ಕಾಚಂಪುಳಿಯನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಬತ್ತಿಸುವುದು, ಇಡುವುದು ಬೇಡ. ಆಮ್ಲ ಲೋಹವನ್ನು ತಿನ್ನುತ್ತದೆ, ಲೋಹ ಅಡುಗೆಗೆ ಇಳಿಯುತ್ತದೆ. ಮಣ್ಣು, ಗಾಜು, ಪಿಂಗಾಣಿ ಆದೀತು.

ಕಾಫಿ ಬೀಜ ಹುರಿಯುವಾಗ ಹೋದ ತೂಕ ಎಲ್ಲಿಗೆ ಹೋಯಿತು

ಇದಕ್ಕೆ ಚೆನ್ನಾಗಿ ಒಣಗಿಸಿ ಸಿಪ್ಪೆ ಬಿಡಿಸಿದ, ಹುರಿಯದ ಬೀಜ ಬೇಕು, ತೇವಾಂಶ 11% ಆಸುಪಾಸು ಇರುವಂಥದ್ದು. ಹಲ್ಲಿನಲ್ಲಿ ಕಚ್ಚಿದರೆ ಕುರುಹು ಬೀಳುವಷ್ಟು ಮೆತ್ತಗಿದ್ದರೆ ಇನ್ನೂ ಬಿಸಿಲಿಗೆ ಹಾಕಿ. 100 ಗ್ರಾಂನ ಎರಡು ಪಾಲು ಮಾಡಿ. ಪ್ರತಿ ಪಾಲನ್ನೂ ಅಳತೆ ಲೋಟಕ್ಕೆ ಸುರಿದು ಎಷ್ಟು ಮಿ.ಲೀ. ಎಂದು ಬರೆದುಕೊಳ್ಳಿ, ಸುಮಾರು 150 ಬರುತ್ತದೆ. ಎರಡು ಬೀಜ ನೀರಿಗೆ ಹಾಕಿ ನೋಡಿ, ಮುಳುಗುತ್ತವೆ.

ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಮೊದಲ ಪಾಲನ್ನು ಕೈಬಿಡದೆ ಕೆದಕುತ್ತ ಹುರಿಯಿರಿ. ಹಸಿರು ಮಾಸುತ್ತದೆ, ಒಣಹುಲ್ಲಿನ ವಾಸನೆ ಏಳುತ್ತದೆ, ಬೀಜ ತಿಳಿ ಹಳದಿಯಾಗುತ್ತದೆ. ಅಲ್ಲಿಗೇ ನಿಲ್ಲಿಸಿ ಮೊರಕ್ಕೆ ಸುರಿದು ಆರಿಸಿ ತೂಗಿ. ಹೋದದ್ದು ಬಹುಪಾಲು ನೀರು. 100 ಗ್ರಾಂನಲ್ಲಿದ್ದ ನೀರೇ 11 ಗ್ರಾಂ, ಆದ್ದರಿಂದ ಈ ಹಂತದ ಇಳಿಕೆ ಅದನ್ನು ಮೀರಬಾರದು. ಮೀರಿದ್ದರೆ ಬೀಜ ಸರಿಯಾಗಿ ಒಣಗಿರಲಿಲ್ಲ, ಇಲ್ಲವೇ ಕೆದಕುವಾಗ ಹೊರಗೆ ಚೆಲ್ಲಿದೆ.

ಎರಡನೇ ಪಾಲನ್ನು ಮುಂದುವರಿಸಿ. ಹಳದಿ ಕಂದಾಗುತ್ತದೆ, ಬ್ರೆಡ್ ಸುಟ್ಟಂಥ ಪರಿಮಳ ಬರುತ್ತದೆ, ಬೀಜದ ನಡುಗೆರೆಯಲ್ಲಿದ್ದ ತೆಳು ಹೊಟ್ಟು ಬಿಟ್ಟು ಹಾರುತ್ತದೆ. ಬೀಜದ ಬಿಸಿ 200 ಡಿಗ್ರಿ ಹತ್ತಿರ ಬಂದಾಗ ಅರಳು ಹುರಿದಂತೆ ಚಟಪಟ ಸದ್ದು ಶುರು. ಒಳಗೆ ಕೂಡಿದ ಆವಿ, ಅನಿಲದ ಒತ್ತಡಕ್ಕೆ ಬೀಜ ಬಿರಿದ ಸದ್ದು ಅದು. ಸದ್ದು ನಿಂತು, ಬಣ್ಣ ಗಾಢ ಕಂದಾದೊಡನೆ ಮೊರಕ್ಕೆ ಸುರಿದು ಬೀಸಿ ಬೇಗ ಆರಿಸಿ. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ. ಉರಿ ಜೋರಾದರೆ ಹೊರಗೆ ಕರಕು, ಒಳಗೆ ಹಸಿ. ಒಂದು ಬೀಜ ಸೀಳಿ ನೋಡಿದರೆ ಗೊತ್ತಾಗುತ್ತದೆ. ಹೊಟ್ಟು ಉರಿಗೆ ತಾಗಿ ಹೊತ್ತಿಕೊಳ್ಳಬಹುದು, ಬಾಗಿಲು ತೆರೆದಿರಲಿ.

ಈ ಪಾಲು 82 ರಿಂದ 85 ಗ್ರಾಂ ತೂಗುತ್ತದೆ. 83 ಎಂದಿಟ್ಟುಕೊಳ್ಳಿ. ಹೋದದ್ದು 17. ಬೀಜದಲ್ಲಿದ್ದ ನೀರು 11. ಉಳಿದ 6 ಗ್ರಾಂ? ಅದು ಬೀಜದ ಸಕ್ಕರೆ, ಆಮ್ಲ, ಪ್ರೋಟೀನುಗಳೇ ಒಡೆದು, ಒಂದರೊಡನೊಂದು ಸೇರಿ, ಇಂಗಾಲದ ಡೈಆಕ್ಸೈಡ್, ಹೊಸದಾಗಿ ಹುಟ್ಟಿದ ನೀರಾವಿ, ಪರಿಮಳದ ವಸ್ತುಗಳಾಗಿ ಹೊರಟದ್ದು. ಈ ಕಳೆಯುವ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ರಾಸಾಯನಿಕ ಬದಲಾವಣೆಗೆ ಬಣ್ಣಕ್ಕಿಂತ ಗಟ್ಟಿಯಾದ ಸಾಕ್ಷಿ ಇದು.

ತೂಕ ಇಳಿದರೂ ಗಾತ್ರ ಒಂದೂವರೆ ಪಟ್ಟಾಗಿರುತ್ತದೆ. ನೀರಿಗೆ ಹಾಕಿದರೆ ಈಗ ತೇಲುತ್ತದೆ. ಸಾಂದ್ರತೆ ಭೌತ ಗುಣ, ಆದರೆ ಇಲ್ಲಿ ಅದು ಬದಲಾದದ್ದು ರಾಸಾಯನಿಕ ಬದಲಾವಣೆಯ ಫಲವಾಗಿ. ಹುರಿದ ಬೀಜದಲ್ಲಿ ಸ್ವಲ್ಪವನ್ನು ಗಾಳಿ ಹಿಂಡಿ ತೆಗೆದ ಜಿಪ್ ಚೀಲದಲ್ಲಿ ಮುಚ್ಚಿಡಿ. ಮರುದಿನಕ್ಕೆ ಚೀಲ ಉಬ್ಬಿರುತ್ತದೆ. ಒಳಗೆ ಸಿಕ್ಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಹೊರಬರುತ್ತಿದೆ.

ಪುಡಿ ಮಾಡುವುದು ಭೌತ. ಡಿಕಾಕ್ಷನ್ ಇಳಿಸುವುದೂ ಬಹುಮಟ್ಟಿಗೆ ಭೌತವೇ. 30 ಗ್ರಾಂ ಶುದ್ಧ ಪುಡಿಯಿಂದ ಡಿಕಾಕ್ಷನ್ ಇಳಿಸಿ, ಉಳಿದ ಚರಟವನ್ನು ಗರಿಗರಿಯಾಗುವವರೆಗೆ ಬಿಸಿಲಲ್ಲಿ ಒಣಗಿಸಿ ತೂಗಿದರೆ 22 ರಿಂದ 24 ಗ್ರಾಂ ಇರುತ್ತದೆ. ಕಡಿಮೆಯಾದದ್ದು ಲೋಟದೊಳಗೆ ಕರಗಿದೆ. ಪುಡಿಯಲ್ಲಿ ಚಿಕೋರಿ ಇದೆಯೇ ಎಂದು ತಿಳಿಯಲು ಒಂದು ಚಿಟಿಕೆಯನ್ನು ತಣ್ಣೀರಿನ ಲೋಟದ ಮೇಲೆ ಉದುರಿಸಿ. ಕಾಫಿ ತೇಲಿ ನಿಲ್ಲುತ್ತದೆ, ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಗೆರೆ ಎಳೆಯುತ್ತ ಮುಳುಗುತ್ತದೆ.

ಜೇನು, ಕಿತ್ತಳೆ ಸಿಪ್ಪೆ

ಚಳಿಗೆ ಹರಳುಗಟ್ಟಿದ ಜೇನು ಕಲಬೆರಕೆಯಲ್ಲ. ಗ್ಲೂಕೋಸ್ ಹರಳಾಗಿ ಬೇರ್ಪಟ್ಟಿದೆ, ಅಷ್ಟೇ. ಬಾಟಲಿಯನ್ನು 45 ಡಿಗ್ರಿಯ ನೀರಿನಲ್ಲಿಟ್ಟರೆ ಮತ್ತೆ ಕರಗುತ್ತದೆ, ಭೌತ ಬದಲಾವಣೆ. ಅವಸರಕ್ಕೆ ಒಲೆಯ ಮೇಲೆ ಕುದಿಸಿದರೆ ಬಣ್ಣ ಕಂದುತ್ತದೆ, ಕಿಣ್ವ ಸಾಯುತ್ತವೆ. ಆಗ ಅದು ರಾಸಾಯನಿಕ.

ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಥರ್ಮೋಕೋಲ್ ತುಂಡಿನ ಮೇಲೆ ಹಿಂಡಿ. ಸಿಡಿದ ಎಣ್ಣೆ ಬಿದ್ದಲ್ಲಿ ಗುಳಿ ಬೀಳುತ್ತದೆ. ಆಮ್ಲ ಸುಟ್ಟಂತೆ ಕಂಡರೂ ಇದು ಬರೀ ಕರಗುವಿಕೆ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್‌ನಲ್ಲಿ ಥರ್ಮೋಕೋಲಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕರಗುತ್ತದೆ. ಅದೇ ಸಿಪ್ಪೆಯನ್ನು ಮೇಣದ ಬತ್ತಿಯ ಜ್ವಾಲೆಯತ್ತ ಹಿಂಡಿದರೆ ಕಿಡಿ ಹಾರುತ್ತದೆ. ಅದೇ ಎಣ್ಣೆ, ಈಗ ದಹನ.

ಕರಿಮೆಣಸು: ಒಣಗುವುದು ಬೇರೆ, ಕಪ್ಪಾಗುವುದು ಬೇರೆ

ಕೊಯ್ಲಿನ ಕಾಲದಲ್ಲಿ, ಜನವರಿಯಿಂದ ಮಾರ್ಚ್ ಒಳಗೆ, ಇದನ್ನು ತಪ್ಪದೆ ಮಾಡಿ. ಗೊಂಚಲಿನಿಂದ ಬಿಡಿಸಿದ ಹಸಿ ಮೆಣಸು 100 ಗ್ರಾಂನ ಮೂರು ಪಾಲು. ಒಂದನ್ನು ಹಾಗೇ ಬಿಸಿಲಿಗೆ ಹರಡಿ. ಎರಡನೆಯದನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಅದ್ದಿ ಹರಡಿ. ಮೂರನೆಯದನ್ನು 20 ನಿಮಿಷ ಕುದಿಸಿ ಹರಡಿ. ದಿನಾ ಸಂಜೆ ಮೂರನ್ನೂ ತೂಗಿ, ರಾತ್ರಿ ಇಬ್ಬನಿಗೆ ಸಿಗದಂತೆ ಒಳಗಿಡಿ. ಮೋಡವಿದ್ದರೆ ಬೂಷ್ಟು ಬರುತ್ತದೆ, ಹಾಗಾದರೆ ಆ ಪಾಲನ್ನು ಬಿಟ್ಟು ಹೊಸದು ತೆಗೆದುಕೊಳ್ಳಿ.

ಕೊನೆಗೆ ಮೂರೂ 33 ಗ್ರಾಂ ಆಸುಪಾಸಿಗೆ ಬಂದು ನಿಲ್ಲುತ್ತವೆ. ಬಣ್ಣ ಮಾತ್ರ ಒಂದೇ ಇರುವುದಿಲ್ಲ. ಮೊದಲನೆಯದು ಕಂದು, ಕಪ್ಪು ಬೆರಕೆ. ಎರಡನೆಯದು ಬೇಗ ಒಣಗಿ ಒಂದೇ ಸಮನೆ ಹೊಳೆಯುವ ಕಪ್ಪು. ಮೂರನೆಯದು ಮಂಕು ಹಸಿರುಗಂದು, ಎಷ್ಟು ಬಿಸಿಲು ಕೊಟ್ಟರೂ ಪೂರ್ತಿ ಕಪ್ಪಾಗದು. ಸಿಪ್ಪೆಯಲ್ಲಿರುವ ಫೀನಾಲ್ ವಸ್ತುಗಳನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ ಕಪ್ಪು ಮಾಡುವುದು ಮೆಣಸಿನದೇ ಒಂದು ಕಿಣ್ವ. ಒಂದು ನಿಮಿಷದ ಬಿಸಿ ಜೀವಕೋಶಗಳನ್ನು ಒಡೆದು ಎರಡನ್ನೂ ಬೆರೆಸುತ್ತದೆ, ಕಿಣ್ವ ಉಳಿದಿರುತ್ತದೆ. ಇಪ್ಪತ್ತು ನಿಮಿಷ ಕುದಿಸಿದರೆ ಕಿಣ್ವವೇ ಸಾಯುತ್ತದೆ. ಹಸಿರು ಮೆಣಸನ್ನು ಹಸಿರಾಗಿಯೇ ಒಣಗಿಸಿ ಮಾರುವ ಉದ್ಯಮ ನಿಂತಿರುವುದು ಈ ತತ್ವದ ಮೇಲೆ. ಮೂರನೇ ಪಾಲಿನ ಹಸಿರು ಮಂಕಾಗುವುದು ಬಿಸಿಗೆ ಪತ್ರಹರಿತ್ತು ಒಡೆಯುವುದರಿಂದ, ಅದು ಬೇರೊಂದು ರಾಸಾಯನಿಕ ಬದಲಾವಣೆ.

ನೀರು ಹೋದದ್ದು ಮೂರರಲ್ಲೂ ಸಮ, ಬಣ್ಣ ಮೂರು ಬಗೆ. ಮಕ್ಕಳ ಪುಸ್ತಕದಲ್ಲಿ ತೂಕಕ್ಕೊಂದು, ಬಣ್ಣಕ್ಕೊಂದು ಸಾಲು ಬೇರೆ ಬೇರೆ ಬರೆಸಿ.

ಪ್ರಯೋಗ ಮುಗಿದ ಮೇಲೆ ಉಳಿದ ಬೋರ್ಡೋ ಗಸಿಯನ್ನು ಅಂದೇ ಮೆಣಸಿನ ಬಳ್ಳಿಗೆ ಹೊಡೆದು ಮುಗಿಸಿ. ಮರುದಿನಕ್ಕೆ ಕಣ ದಪ್ಪವಾಗಿ ಎಲೆಗೆ ಹಿಡಿಯುವುದಿಲ್ಲ. ಉಳಿದ ಮೈಲುತುತ್ತದ ನೀರಿಗೆ ಕತ್ತಿಯ ಪರೀಕ್ಷೆಯಲ್ಲಿ ಕೆಂಪು ಹತ್ತದಷ್ಟು ಸುಣ್ಣ ಬೆರೆಸಿ ಅದನ್ನೂ ಅದರ ಜೊತೆಗೇ ಬಳಸಿ. ಯಾವುದನ್ನೂ ತೋಡಿಗೆ ಚೆಲ್ಲಬೇಡಿ, ಕರಗಿದ ತಾಮ್ರ ಅಲ್ಪವಿದ್ದರೂ ಮೀನು ಸಾಯುತ್ತವೆ.